ಗುಲಗಂಜಿಯಷ್ಟು ತಪ್ಪು



ನಕ್ಷತ್ರಗಳನ್ನು ನೋಡಿ ದಾರಿ ಹಿಡಿಯುವ ವಿದ್ಯೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಡಲು, ಹಡಗು ಮತ್ತು ನಾವಿಕ. ಕಡಲಿನಿಂದ ನೂರಾರು ಕಿಲೋಮೀಟರು ದೂರವಿರುವ ನಂಜನಗೂಡು, ತಿರುಮಕೂಡಲು ನರಸೀಪುರದವರಿಗೆ ಆ ವಿದ್ಯೆಯಿಂದ ಏನಾಗಬೇಕು ಎಂದು ಕೇಳಬಹುದು. ಆದರೆ ಆ ವಿದ್ಯೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಮೈಸೂರು ಸೀಮೆಯ ನೆಲದ ಮೇಲೆಯೇ. ಅದರಲ್ಲಿ ಸಂಭವಿಸಿದ ತಪ್ಪುಗಳು ಎಷ್ಟು, ಅವು ಎಲ್ಲಿಂದ ಬಂದವು, ಅವುಗಳನ್ನು ಹೇಗೆ ಕಂಡುಹಿಡಿದರು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ. ಲೆಕ್ಕಗಳು ಬರುತ್ತವೆ, ಹೆದರಬೇಡಿ. ಹತ್ತನೆಯ ತರಗತಿಯ ಗಣಿತಕ್ಕಿಂತ ಹೆಚ್ಚಿನದೇನೂ ಬೇಕಾಗುವುದಿಲ್ಲ.

ಒಂದು ರಾತ್ರಿಯ ನಡಿಗೆ

1799ರ ಏಪ್ರಿಲ್ 4. ನಾಲ್ಕನೆಯ ಮೈಸೂರು ಯುದ್ಧದ ಕೊನೆಯ ಹಂತ. ಇಂಗ್ಲಿಷರ ಸೈನ್ಯ ಶ್ರೀರಂಗಪಟ್ಟಣವನ್ನು ಸಮೀಪಿಸಿತ್ತು. ಅಲ್ಲಿಯ ಒಂದು ತೋಪಿನಲ್ಲಿ ಟಿಪ್ಪು ಸುಲ್ತಾನನ ಮುಂಚೂಣಿ ಪಡೆ ಅಡಗಿದೆಯೆಂಬ ಶಂಕೆಯಿಂದ, ಅದನ್ನು ಶೋಧಿಸಲು ಜನರಲ್ ಬೇರ್ಡ್ ಎಂಬ ಅಧಿಕಾರಿಯನ್ನು ರಾತ್ರಿಯ ಹೊತ್ತಿನಲ್ಲಿ ಕಳುಹಿಸಿದರು. ಅವನ ಸಹಾಯಕನಾಗಿ ಜೊತೆಯಲ್ಲಿದ್ದವನು ವಿಲಿಯಂ ಲ್ಯಾಂಬ್ಟನ್. ತೋಪನ್ನೆಲ್ಲ ಜಾಲಾಡಿದರೂ ಯಾರೂ ಸಿಗಲಿಲ್ಲ. ಬೇರ್ಡ್ ಪಾಳೆಯಕ್ಕೆ ಹಿಂದಿರುಗಲು ಆಜ್ಞೆ ಮಾಡಿದ. ಪಾಳೆಯವಿದ್ದದ್ದು ದಕ್ಷಿಣಕ್ಕೆ.

ಆಕಾಶ ನಿರ್ಮಲವಾಗಿತ್ತು, ಸಪ್ತರ್ಷಿ ಮಂಡಲವು ನೆತ್ತಿಯಿಂದ ಉತ್ತರಕ್ಕೆಳೆದ ಗೆರೆಯ ಸಮೀಪದಲ್ಲಿತ್ತು. ಲ್ಯಾಂಬ್ಟನ್ ತಲೆಯೆತ್ತಿ ನೋಡಿದಾಗ ಸಪ್ತರ್ಷಿಗಳು ಬೆನ್ನ ಹಿಂದೆ ಇರಬೇಕಾಗಿದ್ದವು, ಎದುರಿಗೇ ಇದ್ದವು. ಅಂದರೆ ಪಡೆ ಉತ್ತರಕ್ಕೆ, ಟಿಪ್ಪುವಿನ ಸೈನ್ಯದ ಬಾಯಿಗೇ ನಡೆಯುತ್ತಿತ್ತು. ಅವನು ಕೂಡಲೇ ಎಚ್ಚರಿಸಿದ. ಬೇರ್ಡನಿಗೆ ಖಗೋಳಶಾಸ್ತ್ರದಲ್ಲಿ ಆಸಕ್ತಿಯಿರಲಿಲ್ಲ. ನಕ್ಷತ್ರಗಳನ್ನು ಕೇಳದೆಯೂ ತನಗೆ ದಾರಿ ತಿಳಿದಿದೆ ಎಂದುಬಿಟ್ಟ. ಸ್ವಲ್ಪ ಹೊತ್ತಿನಲ್ಲಿ ಶತ್ರುವಿನ ಒಂದು ಕಾವಲು ಠಾಣ್ಯವೇ ಎದುರಾಯಿತು. ಅದನ್ನು ಚದುರಿಸಿದ ಮೇಲೆ ಅನುಮಾನ ಬಂದು, ದೀಪ ಹಚ್ಚಿಸಿ ದಿಕ್ಸೂಚಿಯನ್ನು ನೋಡಿದರೆ ನಕ್ಷತ್ರಗಳು ಹೇಳಿದ್ದೇ ಸರಿಯಾಗಿತ್ತು.

ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ರಾತ್ರಿ ಹನ್ನೊಂದರಿಂದ ಹನ್ನೆರಡರ ಹೊತ್ತಿಗೆ ನಿಮ್ಮ ಮನೆಯ ಮಾಳಿಗೆಯ ಮೇಲೆ ನಿಂತು ಉತ್ತರಕ್ಕೆ ನೋಡಿ. ಸಪ್ತರ್ಷಿ ಮಂಡಲ ದಿಗಂತಕ್ಕೂ ನೆತ್ತಿಗೂ ನಡುವೆ ನಿಂತಿರುತ್ತದೆ. ಲ್ಯಾಂಬ್ಟನ್ ಕಂಡದ್ದು ಅದೇ ನೋಟ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಆ ರಾತ್ರಿ ಲ್ಯಾಂಬ್ಟನ್ನನ ಅಂದಾಜು ಹತ್ತು ಡಿಗ್ರಿ ಆಚೀಚೆಯಾಗಿದ್ದರೂ ಏನೂ ಕೆಡುತ್ತಿರಲಿಲ್ಲ. ಉತ್ತರವೋ ದಕ್ಷಿಣವೋ ಎಂಬುದಷ್ಟೇ ಪ್ರಶ್ನೆ. ಅದೇ ಲ್ಯಾಂಬ್ಟನ್ ಮುಂದಿನ ವರ್ಷ ನಮ್ಮ ನಾಡಿನ ಮೋಜಣಿಗೆ ಇಳಿದಾಗ, ಒಂದು ಡಿಗ್ರಿಯ ಮೂರು ಸಾವಿರದ ಆರುನೂರನೆಯ ಒಂದು ಭಾಗಕ್ಕಾಗಿ ರಾತ್ರಿಗಳನ್ನು ಕಳೆಯಬೇಕಾಯಿತು. ಎಷ್ಟು ತಪ್ಪನ್ನು ಸಹಿಸಬಹುದು ಎಂಬುದನ್ನು ಪ್ರಶ್ನೆಯೇ ನಿರ್ಧರಿಸುತ್ತದೆ. ಉತ್ತರಪತ್ರಿಕೆಯಲ್ಲಿ ದಶಮಾಂಶದ ಮುಂದೆ ಎಂಟು ಅಂಕಿಗಳನ್ನು ಸಾಲಾಗಿ ಬರೆದು ತರುತ್ತಿದ್ದ ನನ್ನ ಶಿಷ್ಯರಿಗೆ ಈ ಮಾತಿನ ಹಿನ್ನೆಲೆ ನೆನಪಿದ್ದೀತು.

ನೆರಳು ಹೇಳುವ ಅಕ್ಷಾಂಶ

ಮೊದಲು ಅಳತೆಯ ಮಾತು. ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿದರೆ ಒಂದು ಕಲೆ, ಕಲೆಯನ್ನು ಅರವತ್ತು ಭಾಗ ಮಾಡಿದರೆ ಒಂದು ವಿಕಲೆ. ಗಡಿಯಾರದ ನಿಮಿಷ, ಸೆಕೆಂಡುಗಳೊಡನೆ ಗೊಂದಲವಾಗದಿರಲೆಂದು ನಮ್ಮ ಸಿದ್ಧಾಂತ ಗ್ರಂಥಗಳ ಈ ಹಳೆಯ ಪದಗಳನ್ನೇ ಬಳಸುತ್ತೇನೆ. ಭೂಮಿಯ ಮೇಲೆ ಉತ್ತರ ದಕ್ಷಿಣವಾಗಿ ಒಂದು ಡಿಗ್ರಿಯೆಂದರೆ ಸುಮಾರು 110 ಕಿ.ಮೀ., ಒಂದು ಕಲೆಯೆಂದರೆ 1.8 ಕಿ.ಮೀ., ಒಂದು ವಿಕಲೆಯೆಂದರೆ ಸುಮಾರು 31 ಮೀಟರು.

ನಂಜನಗೂಡಿನ ಅಕ್ಷಾಂಶ 12 ಡಿಗ್ರಿ 7 ಕಲೆ, ತಿ. ನರಸೀಪುರದ್ದು 12 ಡಿಗ್ರಿ 13 ಕಲೆ. ನರಸೀಪುರವು ನಂಜನಗೂಡಿಗಿಂತ ಸುಮಾರು 10 ಕಿ.ಮೀ. ಉತ್ತರಕ್ಕೂ 25 ಕಿ.ಮೀ. ಪೂರ್ವಕ್ಕೂ ಇದೆ. ಈ ವ್ಯತ್ಯಾಸವನ್ನು ಆಕಾಶ ನೋಡಿ ಹೇಳಲು ಸಾಧ್ಯವೇ? ಇದನ್ನೇ ನಮ್ಮ ಪರೀಕ್ಷೆಯ ಪ್ರಶ್ನೆಯನ್ನಾಗಿ ಇಟ್ಟುಕೊಳ್ಳೋಣ.

ಅತ್ಯಂತ ಹಳೆಯ ಉಪಕರಣ ಶಂಕು, ಅಂದರೆ ನೆಟ್ಟಗೆ ನಿಲ್ಲಿಸಿದ ಕೋಲು. ಹಗಲು ರಾತ್ರಿ ಸಮವಾಗಿರುವ ದಿನದ ಮಧ್ಯಾಹ್ನ ಅದರ ನೆರಳನ್ನು ಅಳೆದರೆ ಊರಿನ ಅಕ್ಷಾಂಶ ದೊರೆಯುತ್ತದೆ. ನಮ್ಮ ಜ್ಯೋತಿಷಿಗಳು ಹನ್ನೆರಡು ಅಂಗುಲದ ಶಂಕುವಿನ ಆ ನೆರಳನ್ನು ಪಲಭಾ ಎಂದು ಕರೆದರು. ಒಂದು ಅಡಿ ಎತ್ತರದ ಕೋಲಿಗೆ ಅಂದಿನ ಮಧ್ಯಾಹ್ನದ ನೆರಳು ನಂಜನಗೂಡಿನಲ್ಲಿ ಸುಮಾರು 65.5 ಮಿಲಿಮೀಟರು ಇರಬೇಕು. ನರಸೀಪುರದಲ್ಲಿ 66 ಮಿಲಿಮೀಟರು. ವ್ಯತ್ಯಾಸ ಅರ್ಧ ಮಿಲಿಮೀಟರು ಮಾತ್ರ.

ಈಗ ನೆರಳಿನ ತುದಿಯನ್ನು ಹತ್ತಿರದಿಂದ ನೋಡಿ. ಅದು ಚಾಕುವಿನಿಂದ ಕತ್ತರಿಸಿದಂತೆ ಇರುವುದಿಲ್ಲ, ಕಪ್ಪು ಕ್ರಮೇಣ ಮಾಸುತ್ತ ಬಿಸಿಲಿನಲ್ಲಿ ಕರಗುತ್ತದೆ. ಸೂರ್ಯ ಚುಕ್ಕೆಯಲ್ಲ, ಸುಮಾರು 32 ಕಲೆ ಅಗಲದ ಬಿಂಬ. ಆದ್ದರಿಂದ ಒಂದು ಅಡಿ ಕೋಲಿನ ನೆರಳಿನ ಅಂಚು ಸುಮಾರು ಮೂರು ಮಿಲಿಮೀಟರಿನಷ್ಟು ಮಸುಕಾಗಿರುತ್ತದೆ. ಮೂರು ಮಿಲಿಮೀಟರಿನ ಮಸುಕಿನಲ್ಲಿ ಅರ್ಧ ಮಿಲಿಮೀಟರಿನ ವ್ಯತ್ಯಾಸವನ್ನು ಹುಡುಕುವುದು ಹೇಗೆ? ಕೋಲನ್ನು ಹತ್ತರಷ್ಟು ಎತ್ತರಿಸಿದರೆ ಮಸುಕೂ ಹತ್ತರಷ್ಟಾಗುತ್ತದೆ. ಉಪಕರಣ ದೊಡ್ಡದಾದ ಮಾತ್ರಕ್ಕೆ ಫಲಿತಾಂಶ ಸೂಕ್ಷ್ಮವಾಗುವುದಿಲ್ಲ.

ಇನ್ನೂ ಒಂದು ಅಂಶ. ನಾವು ಕಡುಕಪ್ಪಾದ ನೆರಳಿನ ತುದಿಯನ್ನೇ ಅಳೆದರೆ, ಅದು ಸೂರ್ಯಬಿಂಬದ ಮೇಲಂಚಿಗೆ ಸೇರಿದ ನೆರಳು. ನಿಜವಾದ ನೆರಳಿಗಿಂತ ಅದು ಚಿಕ್ಕದು. ಹಾಗೆ ಅಳೆದವರಿಗೆ ಪ್ರತಿಸಲವೂ 16 ಕಲೆ ಕಡಿಮೆ ಬರುತ್ತದೆ. ಅಂದರೆ ನಂಜನಗೂಡು 29 ಕಿ.ಮೀ. ದಕ್ಷಿಣಕ್ಕೆ ಸರಿದು ಗುಂಡ್ಲುಪೇಟೆಯ ಅಕ್ಷಾಂಶದ ಸನಿಹಕ್ಕೆ ಹೋಗಿಬಿಡುತ್ತದೆ! ನೂರು ವರ್ಷ ಅಳೆದು ಸರಾಸರಿ ತೆಗೆದರೂ ಅಲ್ಲಿಯೇ ಉಳಿಯುತ್ತದೆ. ಕಾರಣ ತಿಳಿದವನಾದರೋ ಒಂದೇ ಅಳತೆಗೆ 16 ಕಲೆಯನ್ನು ಕೂಡಿಸಿ ಊರನ್ನು ಮರಳಿ ಕಪಿಲೆಯ ದಡಕ್ಕೆ ತಂದು ನಿಲ್ಲಿಸಬಲ್ಲ.

ಚಲಿಸುವ ಧ್ರುವ

ನಾವಿಕರಿಗೆ ರಾತ್ರಿಯ ಆಸರೆ ಧ್ರುವ ನಕ್ಷತ್ರ. ಅದು ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಅಷ್ಟೇ ಆ ಸ್ಥಳದ ಅಕ್ಷಾಂಶ ಎಂದು ನಾವು ಶಾಲೆಯಲ್ಲಿ ಪಾಠ ಹೇಳುತ್ತೇವೆ. ಅರಬ್ಬೀ ಸಮುದ್ರದ ನಾವಿಕರು ಕಮಾಲ್ ಎಂಬ ಸರಳ ಸಾಧನದಿಂದ ಇದನ್ನು ಅಳೆಯುತ್ತಿದ್ದರು. ಒಂದು ಪುಟ್ಟ ಹಲಗೆ, ಅದರ ನಡುವಿನಿಂದ ಗಂಟುಗಳುಳ್ಳ ಒಂದು ದಾರ. ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಹಲಗೆಯ ಕೆಳ ಅಂಚನ್ನು ದಿಗಂತಕ್ಕೂ ಮೇಲಂಚನ್ನು ನಕ್ಷತ್ರಕ್ಕೂ ಹೊಂದಿಸಿದರೆ ಆಯಿತು. ಅವರ ಮಾನ ಬೆರಳು. ಒಂದು ಬೆರಳೆಂದರೆ ಒಂದೂವರೆ ಡಿಗ್ರಿಗೂ ತುಸು ಹೆಚ್ಚು. ಕಾಲು ಬೆರಳು ತಪ್ಪಿದರೆ ಸುಮಾರು 45 ಕಿ.ಮೀ. ವ್ಯತ್ಯಾಸ. ಕರಾವಳಿಯ ಗುಡ್ಡಗಳು ದೂರದಿಂದಲೇ ಕಾಣುವ ಕಡಲಿನಲ್ಲಿ, ಹಗಲಿನಲ್ಲಿ, ಅಷ್ಟು ಸಾಕಾಗುತ್ತಿತ್ತು.

ಆದರೆ ಪುರಾಣದ ಧ್ರುವ ಅಚಲನಾದರೂ ಆಕಾಶದ ಧ್ರುವ ನಕ್ಷತ್ರ ಅಚಲವಲ್ಲ. 1800ರ ವೇಳೆಗೆ ಅದು ನಿಜವಾದ ಧ್ರುವಬಿಂದುವಿನಿಂದ ಸುಮಾರು ಒಂದೂಮುಕ್ಕಾಲು ಡಿಗ್ರಿ ದೂರವಿತ್ತು; ದಿನಕ್ಕೊಮ್ಮೆ ಆ ಬಿಂದುವನ್ನು ಸುತ್ತುತ್ತಿತ್ತು. ಇದನ್ನು ಲೆಕ್ಕಕ್ಕೆ ಹಿಡಿಯದೆ ನಂಜನಗೂಡಿನ ಅಕ್ಷಾಂಶವನ್ನು ಅಂದು ಅಳೆದಿದ್ದರೆ, ವೇಳೆಗೆ ತಕ್ಕಂತೆ ನಮ್ಮ ಊರು ಒಮ್ಮೆ ಹಿರಿಯೂರಿನ ಅಕ್ಷಾಂಶದ ಸಮೀಪಕ್ಕೂ ಇನ್ನೊಮ್ಮೆ ಪಳನಿಯ ಅಕ್ಷಾಂಶದ ಸಮೀಪಕ್ಕೂ ಓಡಾಡುತ್ತಿತ್ತು. ಈಗ ಆ ಅಂತರ ಮುಕ್ಕಾಲು ಡಿಗ್ರಿಗಿಂತಲೂ ಕಡಿಮೆಯಾಗಿದೆ. ಆದರೂ 70 ಕಿ.ಮೀ.ಯ ವ್ಯತ್ಯಾಸವನ್ನು ಅದು ತರಬಲ್ಲದು.

ಎರಡನೆಯ ತೊಡಕು ಗಾಳಿಯದು. ನೀರಿನಲ್ಲಿ ಅದ್ದಿದ ಕೋಲು ಮುರಿದಂತೆ ಕಾಣುವ ಹಾಗೆ, ನಕ್ಷತ್ರದ ಬೆಳಕು ವಾಯುಮಂಡಲದಲ್ಲಿ ಬಾಗುತ್ತದೆ. ನಕ್ಷತ್ರ ಇರುವುದಕ್ಕಿಂತ ಮೇಲೆ ಕಾಣುತ್ತದೆ. ನಮ್ಮ ಊರುಗಳಲ್ಲಿ ಧ್ರುವ ಇರುವುದು ದಿಗಂತದಿಂದ ಕೇವಲ 12 ಡಿಗ್ರಿ ಮೇಲೆ. ಆ ಎತ್ತರದಲ್ಲಿ ಈ ವಕ್ರೀಭವನ ಸುಮಾರು ನಾಲ್ಕೂವರೆ ಕಲೆ. ಸರಿಪಡಿಸದಿದ್ದರೆ ನಂಜನಗೂಡು 8 ಕಿ.ಮೀ. ಉತ್ತರಕ್ಕೆ ಜರುಗಿ, ಹೆಚ್ಚುಕಡಿಮೆ ನರಸೀಪುರದ ಅಕ್ಷಾಂಶಕ್ಕೇ ಬಂದುಬಿಡುತ್ತದೆ.

ಮೋಜಣಿದಾರರು ಇದಕ್ಕೆ ಕಂಡುಕೊಂಡ ಉಪಾಯ ಸುಂದರವಾದದ್ದು. ನೆತ್ತಿಯ ಮೇಲಿನಿಂದ ಬರುವ ಬೆಳಕು ಗಾಳಿಯನ್ನು ನೇರವಾಗಿ ಹಾದು ಬರುವುದರಿಂದ ಬಾಗುವುದಿಲ್ಲ. ಆದ್ದರಿಂದ ಧ್ರುವವನ್ನು ಬಿಟ್ಟು ನೆತ್ತಿಯ ಸಮೀಪ ಹಾಯುವ ನಕ್ಷತ್ರಗಳನ್ನೇ ಅಳೆಯಬೇಕು. ಲ್ಯಾಂಬ್ಟನ್ ಬಳಿ ಇದಕ್ಕಾಗಿಯೇ ಲಂಡನ್ನಿನ ರಾಮ್ಸ್‌ಡನ್ ತಯಾರಿಸಿದ, ಐದು ಅಡಿ ತ್ರಿಜ್ಯದ ಒಂದು ಉಪಕರಣವಿತ್ತು. ತಪ್ಪನ್ನು ತಿದ್ದುವುದಕ್ಕಿಂತ, ತಪ್ಪು ಹುಟ್ಟದ ಸ್ಥಳದಲ್ಲಿ ಅಳೆಯುವುದು ಜಾಣತನ.

ರೇಖಾಂಶ ಎಂಬ ಗಡಿಯಾರದ ಲೆಕ್ಕ

ಅಕ್ಷಾಂಶವನ್ನು ಆಕಾಶವೇ ಹೇಳುತ್ತದೆ; ರೇಖಾಂಶ ಹಾಗಲ್ಲ. ಭೂಮಿ ತಿರುಗುತ್ತಿರುವುದರಿಂದ, ನಂಜನಗೂಡಿನಲ್ಲಿ ಕಾಣುವ ಆಕಾಶವೇ ಸ್ವಲ್ಪ ಹೊತ್ತಿನ ನಂತರ ಪಶ್ಚಿಮದ ಊರಿನಲ್ಲಿ ಕಾಣುತ್ತದೆ. ಆದ್ದರಿಂದ ರೇಖಾಂಶವೆಂದರೆ ಕಾಲದ ವ್ಯತ್ಯಾಸ. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ನರಸೀಪುರದಲ್ಲಿ ಸೂರ್ಯ ನೆತ್ತಿಗೆ ಬಂದ ಸುಮಾರು 55 ಸೆಕೆಂಡುಗಳ ಮೇಲೆ ನಂಜನಗೂಡಿನಲ್ಲಿ ಮಧ್ಯಾಹ್ನವಾಗುತ್ತದೆ. ತ್ರಿವೇಣಿ ಸಂಗಮದಲ್ಲಿ ಮುಳುಗಿ ಎದ್ದವರಿಗೆ ಶ್ರೀಕಂಠೇಶ್ವರನ ಸನ್ನಿಧಿಯವರಿಗಿಂತ ಒಂದು ನಿಮಿಷ ಮೊದಲು ಮಧ್ಯಾಹ್ನ!

ನಮ್ಮ ಪಂಚಾಂಗ ಗಣಿತದಲ್ಲಿ ಇದೇ ದೇಶಾಂತರ ಸಂಸ್ಕಾರ. ಸಿದ್ಧಾಂತಗಳ ಮೂಲರೇಖೆ ಲಂಕೆ ಮತ್ತು ಉಜ್ಜಯಿನಿಗಳನ್ನು ಹಾಯುತ್ತದೆ. ಉಜ್ಜಯಿನಿಯ ರೇಖೆಯಿಂದ ನಂಜನಗೂಡು ಸುಮಾರು 0.9 ಡಿಗ್ರಿ ಪೂರ್ವಕ್ಕಿದೆ. ಒಂದು ಡಿಗ್ರಿಗೆ ಹತ್ತು ವಿಘಟಿಯಂತೆ, ನಮ್ಮ ದೇಶಾಂತರ ಒಂಬತ್ತು ವಿಘಟಿ, ನರಸೀಪುರಕ್ಕೆ ಹನ್ನೊಂದು. ಇದನ್ನು ಹಿಂದೆ ಕಂಡುಕೊಳ್ಳಲು ಇದ್ದ ಮಾರ್ಗ ಚಂದ್ರಗ್ರಹಣ. ಗ್ರಹಣವು ಎಲ್ಲರಿಗೂ ಒಂದೇ ಕ್ಷಣದಲ್ಲಿ ಆಗುತ್ತದೆ. ಮೂಲರೇಖೆಗೆ ಗಣಿಸಿದ ವೇಳೆಗೂ ನಮ್ಮ ಊರಿನಲ್ಲಿ ಕಂಡ ವೇಳೆಗೂ ಇರುವ ಅಂತರವೇ ದೇಶಾಂತರ. ಉಪಾಯ ನಿರ್ದುಷ್ಟವಾದದ್ದು. ಆದರೆ ವೇಳೆಯನ್ನು ಅಳೆಯುವುದು ನೀರಿನಲ್ಲಿ ತೇಲಿಬಿಟ್ಟ ಗಳಿಗೆ ಬಟ್ಟಲಿನಿಂದ. ಒಂದೇ ಒಂದು ವಿಘಟಿ, ಅಂದರೆ 24 ಸೆಕೆಂಡು ತಪ್ಪಿದರೂ ಊರು 11 ಕಿ.ಮೀ. ಸರಿಯುತ್ತದೆ. ಇನ್ನು ಗ್ರಹಣದ ಅಂಚಾದರೋ ಕೋಲಿನ ನೆರಳಿನಂತೆಯೇ ಮಸುಕು.

ಯೂರೋಪಿನವರು ಇನ್ನೂ ಮೂರು ಗಡಿಯಾರಗಳನ್ನು ಹುಡುಕಿಕೊಂಡರು. ಮೊದಲನೆಯದು ಚಂದ್ರ. ಅವನು ನಕ್ಷತ್ರಗಳ ನಡುವೆ ಗಂಟೆಗೆ ಸುಮಾರು ಅರ್ಧ ಡಿಗ್ರಿ ಸರಿಯುತ್ತಾನೆ. ಯಾವ ನಕ್ಷತ್ರದಿಂದ ಎಷ್ಟು ದೂರವಿದ್ದಾನೆಂದು ಅಳೆದರೆ ಗ್ರೀನಿಚ್ಚಿನ ವೇಳೆ ತಿಳಿಯುತ್ತದೆ. ಆದರೆ ಈ ಗಡಿಯಾರದ ಮುಳ್ಳು ಬಹಳ ನಿಧಾನ. ಅಳತೆಯಲ್ಲಿ ಒಂದು ಕಲೆ ತಪ್ಪಿದರೆ ವೇಳೆಯಲ್ಲಿ ಎರಡು ನಿಮಿಷ, ನೆಲದ ಮೇಲೆ ಸುಮಾರು 54 ಕಿ.ಮೀ. ತಪ್ಪುತ್ತದೆ. ಎರಡನೆಯದು ಹಡಗಿನ ಕ್ರೋನೋಮೀಟರ್ ಗಡಿಯಾರ. ಅದು ಚೆನ್ನಾಗಿ ನಡೆಯುವಷ್ಟು ಕಾಲ ಸರಿ. ದಿನಕ್ಕೆ ಎರಡು ಸೆಕೆಂಡು ಹೆಚ್ಚುಕಡಿಮೆಯಾದರೆ ಐದು ತಿಂಗಳ ಯಾನದ ಕೊನೆಗೆ ಐದು ನಿಮಿಷವಾಗುತ್ತದೆ.

ಮೂರನೆಯದು ಗುರುಗ್ರಹದ ಉಪಗ್ರಹಗಳು. ಅವುಗಳಲ್ಲಿ ಒಳಗಿನದಾದ ಅಯೋ ಸುಮಾರು 42 ಗಂಟೆಗಳಿಗೊಮ್ಮೆ ಗುರುವಿನ ನೆರಳಿನಲ್ಲಿ ಮುಳುಗುತ್ತದೆ. ಹಡಗಿನ ಓಲಾಟದಲ್ಲಿ ದೂರದರ್ಶಕ ಹಿಡಿದು ಇದನ್ನು ನೋಡಲಾಗದು. ನೆಲದ ಮೇಲೆ ಇದು ಅತ್ಯುತ್ತಮ ಮಾರ್ಗವೆನಿಸಿತ್ತು. ಅಲ್ಲಿಯೂ ಒಂದು ಸೂಕ್ಷ್ಮವಿದೆ. ಉಪಗ್ರಹ ದೀಪ ಆರಿದಂತೆ ಥಟ್ಟನೆ ಮಾಯವಾಗುವುದಿಲ್ಲ, ಕ್ರಮೇಣ ಮಂಕಾಗುತ್ತದೆ. ಚಿಕ್ಕ ದೂರದರ್ಶಕದವನಿಗೆ ಅದು ಬೇಗ ಮರೆಯಾಗುತ್ತದೆ, ಮತ್ತೆ ಕಾಣಿಸಿಕೊಳ್ಳುವಾಗ ತಡವಾಗಿ ಕಾಣುತ್ತದೆ. ಮುಳುಗುವುದನ್ನು ಮಾತ್ರ ನೋಡಿದವನ ಊರು ಪಶ್ಚಿಮಕ್ಕೂ, ಮೂಡುವುದನ್ನು ಮಾತ್ರ ನೋಡಿದವನ ಊರು ಪೂರ್ವಕ್ಕೂ ಸರಿಯುತ್ತದೆ. ಎರಡನ್ನೂ ಸಮನಾಗಿ ನೋಡಿ ಸರಾಸರಿ ಹಿಡಿದರೆ ಆ ತಪ್ಪುಗಳು ಬಹುಮಟ್ಟಿಗೆ ಪರಸ್ಪರ ಕಳೆದುಹೋಗುತ್ತವೆ. ಒಂದೇ ರಾತ್ರಿ ಅಯೋದ ಎರಡು ಘಟನೆಗಳೂ ಕಾಣುವುದಿಲ್ಲವಾದ್ದರಿಂದ ತಿಂಗಳುಗಟ್ಟಲೆ ಕಾಯಬೇಕು.

ನಲವತ್ತು ಮೈಲಿ ಹೆಚ್ಚು

ಹೀಗೆ ಗಳಿಸಿದ ರೇಖಾಂಶಗಳ ಮೇಲೆ, ಪ್ರಯಾಣಿಕರ ಹೆಜ್ಜೆಯ ಲೆಕ್ಕಗಳನ್ನು ಪೋಣಿಸಿ ಅಂದಿನ ಭೂಪಟಗಳು ತಯಾರಾಗಿದ್ದವು. ಮದರಾಸಿನಿಂದ ಮಂಗಳೂರಿಗೆ 400 ಮೈಲಿ ಎಂದು ಅವು ತೋರಿಸುತ್ತಿದ್ದವು.

ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿಗೆ ಕಾಲಿನ್ ಮೆಕೆಂಜಿಯವರು ನೇಮಕಗೊಂಡರು. ಲ್ಯಾಂಬ್ಟನ್ ಬೇರೆ ಬಗೆಯ ಕೆಲಸವನ್ನು ಕೈಗೆತ್ತಿಕೊಂಡರು. (ಯುದ್ಧದ ಕಥೆಯಲ್ಲಿ ಏಕವಚನದಲ್ಲಿ ಕರೆದವರನ್ನು ಇನ್ನು ಮುಂದೆ ಬಹುವಚನದಲ್ಲಿ ಕರೆಯುತ್ತೇನೆ. ವಿದ್ಯೆಗೆ ಸಲ್ಲಬೇಕಾದ ಗೌರವ ಅದು.) 1800ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿಯ ಒಂದು ಆಧಾರ ರೇಖೆಯನ್ನು ನೂರು ಅಡಿಯ ಉಕ್ಕಿನ ಸರಪಣಿಯಿಂದ ಅಳೆದರು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಇನ್ನೊಂದು ರೇಖೆಯನ್ನು ಅಳೆದು, ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಪಶ್ಚಿಮಕ್ಕೆ ಬಂದರು. ಒಂದು ಬಾಹುವನ್ನೂ ಕೋನಗಳನ್ನೂ ಬಲ್ಲವನಿಗೆ ಉಳಿದ ಬಾಹುಗಳನ್ನು ಅಳೆಯಬೇಕಾಗಿಲ್ಲ, ಗಣಿಸಬಹುದು. ಇದನ್ನು ನೀವೆಲ್ಲ ಕಲಿತಿದ್ದೀರಿ.

ಲೆಕ್ಕವನ್ನು ಪರೀಕ್ಷಿಸಲೆಂದು 1804ರಲ್ಲಿ ಅವರ ಸಹಾಯಕ ಜಾನ್ ವಾರೆನ್ ಬೆಂಗಳೂರಿನ ಬಳಿ ಮತ್ತೊಮ್ಮೆ ಆಧಾರ ರೇಖೆಯನ್ನು ಅಳೆದರು. ಮದರಾಸಿನಿಂದ ನೂರೈವತ್ತಕ್ಕೂ ಹೆಚ್ಚು ಮೈಲಿ ತ್ರಿಕೋನಗಳ ಮೂಲಕ ಗಣಿಸಿ ತಂದ ಉದ್ದಕ್ಕೂ ನೆಲದ ಮೇಲೆ ಸರಪಣಿ ಎಳೆದು ಅಳೆದ ಉದ್ದಕ್ಕೂ ಬಂದ ವ್ಯತ್ಯಾಸ 3.7 ಅಂಗುಲ! ಒಂದು ಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ.

ಈ ತ್ರಿಕೋನಗಳು ಕೊನೆಗೆ ಮಂಗಳೂರನ್ನು ಮುಟ್ಟಿದಾಗ ಮದರಾಸಿನಿಂದ ಅಲ್ಲಿಗೆ 360 ಮೈಲಿ ಮಾತ್ರ ಎಂದು ತಿಳಿಯಿತು. ನಮ್ಮ ಪರ್ಯಾಯದ್ವೀಪವನ್ನು ಭೂಪಟಗಳು 40 ಮೈಲಿ ಹಿಗ್ಗಿಸಿದ್ದವು. ಕಾಲದ ಲೆಕ್ಕದಲ್ಲಿ ಅದು ಎರಡೂವರೆ ನಿಮಿಷಕ್ಕೂ ಕಡಿಮೆ. ಅಷ್ಟು ಸಣ್ಣ ತಪ್ಪು ನಾಡಿನ ಅಗಲದಲ್ಲಿ ಹತ್ತನೆಯ ಒಂದು ಭಾಗವನ್ನು ಇಲ್ಲದ ನೆಲವನ್ನಾಗಿ ಸೇರಿಸಿಬಿಟ್ಟಿತ್ತು.

ಮೂರೂಮುಕ್ಕಾಲು ಅಂಗುಲ ಮತ್ತು ನಾಲ್ಕೂವರೆ ಕಿಲೋಮೀಟರು

ಇಷ್ಟಕ್ಕೆ ಕಥೆ ಮುಗಿದಿದ್ದರೆ ಇದು ಕೇವಲ ಒಂದು ಸಾಹಸಗಾಥೆಯಾಗುತ್ತಿತ್ತು. ನನಗೆ ಹೆಚ್ಚು ಪಾಠ ಕಲಿಸಿದ್ದು ಮುಂದಿನ ಸಂಗತಿ.

ತ್ರಿಕೋನಗಳು ಊರುಗಳ ನಡುವಣ ಅಂತರವನ್ನು ಹೇಳುತ್ತವೆಯೇ ಹೊರತು ಅವು ಭೂಗೋಳದ ಮೇಲೆ ಎಲ್ಲಿವೆ ಎಂದು ಹೇಳುವುದಿಲ್ಲ. ಅದಕ್ಕೆ ಒಂದಾದರೂ ಸ್ಥಳವನ್ನು ಆಕಾಶದಿಂದ ಗೊತ್ತುಮಾಡಿ ಮೊಳೆ ಹೊಡೆಯಬೇಕು. ಆ ಮೊಳೆ ಮದರಾಸು ವೀಕ್ಷಣಾಲಯ. ಅದರ ರೇಖಾಂಶವನ್ನು ಆಕಾಶದ ಗಡಿಯಾರಗಳಿಂದ ಗುರುತಿಸಿ 80 ಡಿಗ್ರಿ 17 ಕಲೆ 21 ವಿಕಲೆ ಎಂದು ಇಟ್ಟುಕೊಂಡಿದ್ದರು. ಮೋಜಣಿಯ ರೇಖಾಂಶಗಳೆಲ್ಲ ಅದರ ಮೇಲೆ ನಿಂತವು. ತಂತಿ ವರ್ತಮಾನ ಬಂದ ಮೇಲೆ ಒಂದು ವೀಕ್ಷಣಾಲಯದ ಗಡಿಯಾರದ ಬಡಿತವನ್ನು ಇನ್ನೊಂದಕ್ಕೆ ಕ್ಷಣಾರ್ಧದಲ್ಲಿ ಮುಟ್ಟಿಸಲು ಸಾಧ್ಯವಾಯಿತು. ಆಗ ದೊರೆತ ರೇಖಾಂಶ 80 ಡಿಗ್ರಿ 14 ಕಲೆ 47 ವಿಕಲೆ. ಎರಡೂವರೆ ಕಲೆ ಪಶ್ಚಿಮಕ್ಕೆ!

ಕಾಲದಲ್ಲಿ ಇದು ಹತ್ತು ಸೆಕೆಂಡು. ಆದರೆ ಭೂಮಿಯ ತಿರುಗುವಿಕೆಯಿಂದ ನಂಜನಗೂಡು ಪ್ರತಿ ಸೆಕೆಂಡಿಗೆ ಸುಮಾರು 450 ಮೀಟರು ಪೂರ್ವಕ್ಕೆ ಧಾವಿಸುತ್ತಿದೆ. ಹತ್ತು ಸೆಕೆಂಡಿಗೆ ನಾಲ್ಕೂವರೆ ಕಿಲೋಮೀಟರು. ಬೆಂಗಳೂರು, ಮೈಸೂರು, ನಂಜನಗೂಡು, ನರಸೀಪುರ ಎಲ್ಲವೂ ಹಳೆಯ ಭೂಪಟಗಳಲ್ಲಿ ಒಟ್ಟಾಗಿ ಅಷ್ಟು ದೂರ ಪೂರ್ವಕ್ಕೆ ಕುಳಿತಿದ್ದವು. 20ನೆಯ ಶತಮಾನದ ಆರಂಭದಲ್ಲಿ ಇದನ್ನು ತಿದ್ದಿದರು. ಬಹುಕಾಲ ಭೂಪಟದ ಅಂಚಿನಲ್ಲಿ ಇಷ್ಟನ್ನು ಕಳೆದುಕೊಳ್ಳಿರಿ ಎಂಬ ಟಿಪ್ಪಣಿ ಮುದ್ರಣವಾಗುತ್ತಿತ್ತು.

ಒಂದು ಕಡೆ 3.7 ಅಂಗುಲ, ಇನ್ನೊಂದು ಕಡೆ 4.5 ಕಿಲೋಮೀಟರು. ಎರಡೂ ಒಂದೇ ಮೋಜಣಿಯ ತಪ್ಪುಗಳು. ನಂಜನಗೂಡಿನಿಂದ ನರಸೀಪುರಕ್ಕೆ ಗಾಡಿ ಹೂಡಿದವನಿಗೆ ಎರಡನೆಯ ತಪ್ಪು ಎಂದೂ ಗೊತ್ತಾಗುತ್ತಿರಲಿಲ್ಲ, ಏಕೆಂದರೆ ಎರಡು ಊರುಗಳೂ ಜೊತೆಯಾಗಿಯೇ ಸರಿದಿದ್ದವು. ಕಂದಾಯದ ಲೆಕ್ಕಕ್ಕೂ ಬಾಧಕವಿಲ್ಲ. ಆದರೆ ಗ್ರೀನಿಚ್ಚಿನ ವೇಳೆಯನ್ನು ಗಡಿಯಾರದಲ್ಲಿ ಹೊತ್ತು ಕತ್ತಲೆಯಲ್ಲಿ ಕರಾವಳಿಯತ್ತ ಬರುವ ಹಡಗಿಗೆ, ದಡವು ಭೂಪಟ ತೋರಿಸುವುದಕ್ಕಿಂತ ನಾಲ್ಕೂವರೆ ಕಿಲೋಮೀಟರು ಮುಂಚೆಯೇ ಎದುರಾಗುವುದು ಎಂದರೆ ಜೀವನ್ಮರಣದ ಪ್ರಶ್ನೆ. ಆ ತಪ್ಪು ಹೊರಗಿನಿಂದ ಬಂದವನಿಗೆ ಮಾತ್ರ ತಾಗುವಂಥದು.

ಬಾಗಿದ ತೂಗುಗುಂಡು

ಇನ್ನೊಂದು ತಪ್ಪು ಕಾಲ ಕೆಳಗಿನಿಂದಲೇ ಬಂತು. ನಕ್ಷತ್ರದ ಎತ್ತರವನ್ನು ಅಳೆಯಲು ನೇರ ಯಾವುದು ಎಂದು ಮೊದಲು ತಿಳಿಯಬೇಕು. ಗಾರೆ ಕೆಲಸದವರು ಗೋಡೆಗೆ ಹಿಡಿಯುವ ತೂಗುಗುಂಡೇ ಇಲ್ಲಿಯೂ ಪ್ರಮಾಣ. ಬೆಂಗಳೂರಿನ ದೊಡ್ಡಗುಂಟೆಯ ನೆಲೆಯಲ್ಲಿ ನಕ್ಷತ್ರಗಳು ಹೇಳಿದ ಅಕ್ಷಾಂಶಕ್ಕೂ ತ್ರಿಕೋನಗಳ ಲೆಕ್ಕಕ್ಕೂ ಹೊಂದಿಕೆಯಾಗಲಿಲ್ಲ. ನೆಲದೊಳಗಿನ ಯಾವುದೋ ಸಾಂದ್ರವಾದ ಪದಾರ್ಥ ತೂಗುಗುಂಡನ್ನು ಪಕ್ಕಕ್ಕೆ ಸೆಳೆಯುತ್ತಿರಬೇಕೆಂದು ಲ್ಯಾಂಬ್ಟನ್ ಶಂಕಿಸಿದರು. ವಿಕಲೆಗಳ ವ್ಯತ್ಯಾಸವಾದ್ದರಿಂದ ಕೈತಪ್ಪೆಂದು ಬಿಟ್ಟುಬಿಡಬಹುದಿತ್ತು, ಅವರು ಬಿಡಲಿಲ್ಲ.

1823ರಲ್ಲಿ ಲ್ಯಾಂಬ್ಟನ್ ಮೋಜಣಿಯ ಹಾದಿಯಲ್ಲಿಯೇ, ಹಿಂಗಣಘಾಟದಲ್ಲಿ ತೀರಿಕೊಂಡರು. ಅವರ ನಂತರ ಉತ್ತರಕ್ಕೆ ಸಾಗಿದ ಮೋಜಣಿಯಲ್ಲಿ ಕಲ್ಯಾಣಪುರ ಮತ್ತು ಕಲಿಯಾನಾ ಎಂಬ ಎರಡು ನೆಲೆಗಳ ನಡುವೆ 5.236 ವಿಕಲೆಯ ವ್ಯತ್ಯಾಸ ಕಾಣಿಸಿಕೊಂಡಿತು. ನೆಲದ ಮೇಲೆ ಸುಮಾರು 160 ಮೀಟರು. 1855ರಲ್ಲಿ ಪ್ರ್ಯಾಟ್ ಎಂಬ ಗಣಿತಜ್ಞರು ಹಿಮಾಲಯದ ಸೆಳೆತವನ್ನು ಲೆಕ್ಕ ಹಾಕಿದರೆ ವ್ಯತ್ಯಾಸ ಅದರ ಮೂರರಷ್ಟು ಇರಬೇಕಿತ್ತು. ಪರ್ವತ ತನ್ನ ಗಾತ್ರಕ್ಕೆ ತಕ್ಕಷ್ಟು ಸೆಳೆಯುತ್ತಿಲ್ಲವೇಕೆ ಎಂಬ ಪ್ರಶ್ನೆಯಿಂದ, ಪರ್ವತಗಳ ಬುಡ ಹಗುರವಾದ ಶಿಲೆಯಿಂದ ಕೂಡಿ ತೇಲುವಂತಿದೆ ಎಂಬ ತಿಳಿವಳಿಕೆ ಬೆಳೆಯಿತು. ಉಳಿದುಹೋದ ಐದು ವಿಕಲೆಯ ತಪ್ಪು ಭೂಮಿಯ ಒಡಲನ್ನೇ ತೆರೆದು ತೋರಿಸಿತು.

ಗುಂಜಾ ನರಸಿಂಹನ ತಕ್ಕಡಿ

ತಿರುಮಕೂಡಲಿನ ಗುಂಜಾ ನರಸಿಂಹಸ್ವಾಮಿಯನ್ನು ಬಲ್ಲವರಿಗೆ ಅವನ ಬೆರಳ ನಡುವಿನ ಗುಲಗಂಜಿಯೂ ಗೊತ್ತು. ಕಾಶಿಗಿಂತ ಈ ಕ್ಷೇತ್ರ ಗುಲಗಂಜಿಯಷ್ಟು ಹೆಚ್ಚು ಎಂಬುದು ನಮ್ಮ ಹಿರಿಯರ ನಂಬಿಕೆ. ಶ್ರದ್ಧೆಯ ಮಾತನ್ನು ಬದಿಗಿಟ್ಟು ಲೆಕ್ಕದ ದೃಷ್ಟಿಯಿಂದ ನೋಡಿ. ಕಾಶಿಯಂತಹ ಘನವಾದುದನ್ನು ಒಂದು ತಟ್ಟೆಯಲ್ಲಿಟ್ಟು ತೂಗಿ, ಗುಲಗಂಜಿಯಷ್ಟು ವ್ಯತ್ಯಾಸವಿದೆ ಎಂದು ಹೇಳಬೇಕಾದರೆ ತಕ್ಕಡಿಯ ಮೇಲೆ ಎಂಥ ಭರವಸೆಯಿರಬೇಕು!

ಅಕ್ಕಸಾಲಿಗಳಿಗೆ ಎರಡು ಬಗೆಯ ತಪ್ಪು ಗೊತ್ತು. ಗಾಳಿಗೆ ತಟ್ಟೆ ಅಲುಗಿ ತೂಕ ಹೆಚ್ಚುಕಡಿಮೆಯಾಗುವುದು ಒಂದು. ಹತ್ತು ಸಲ ತೂಗಿ ಸರಾಸರಿ ಹಿಡಿದರೆ ಅದು ತಗ್ಗುತ್ತದೆ. ತಕ್ಕಡಿಯ ದಂಡವೇ ಒಂದು ಕಡೆಗೆ ವಾಲಿರುವುದು ಇನ್ನೊಂದು. ಸಾವಿರ ಸಲ ತೂಗಿದರೂ ಅದು ಅಷ್ಟೇ ಸುಳ್ಳನ್ನು, ಅಷ್ಟೇ ದೃಢವಾಗಿ ಹೇಳುತ್ತದೆ. ಸೂರ್ಯಬಿಂಬದ 16 ಕಲೆ, ಗಾಳಿಯ ನಾಲ್ಕೂವರೆ ಕಲೆ, ಮದರಾಸಿನ ಹತ್ತು ಸೆಕೆಂಡು, ತೂಗುಗುಂಡಿನ ಸೆಳೆತ, ಇವೆಲ್ಲ ವಾಲಿದ ದಂಡದ ತಪ್ಪುಗಳು. ಹೆಚ್ಚು ಶ್ರಮಪಟ್ಟರೆ ಇವು ಹೋಗುವುದಿಲ್ಲ. ತಟ್ಟೆಗಳನ್ನು ಅದಲುಬದಲು ಮಾಡಿ ನೋಡಬೇಕು, ಅಂದರೆ ಬೇರೆಯೇ ಮಾರ್ಗದಿಂದ ಅಳೆದು ಹೋಲಿಸಬೇಕು. ನೆರಳನ್ನು ನಕ್ಷತ್ರದಿಂದ, ನಕ್ಷತ್ರವನ್ನು ಸರಪಣಿಯಿಂದ, ಚಂದ್ರನನ್ನು ತಂತಿಯಿಂದ.

ಬೇರ್ಡನ ತಪ್ಪು ದಾರಿ ತಪ್ಪಿದ್ದಲ್ಲ, ಕತ್ತಲೆಯಲ್ಲಿ ಯಾರಾದರೂ ದಾರಿ ತಪ್ಪುತ್ತಾರೆ. ಬೇರೊಂದು ಸಾಕ್ಷಿ ಎದುರಿಗೆ ಬಂದಾಗ ಅದನ್ನು ಕೇಳಲು ಒಪ್ಪದೇ ಹೋದದ್ದು ಅವನ ತಪ್ಪು. ಇಂದು ನಿಮ್ಮ ಕೈಯಲ್ಲಿರುವ ಫೋನು ನೀವು ನಿಂತ ಜಾಗವನ್ನು ಕೆಲವೇ ಮೀಟರುಗಳ ಒಳಗೆ ಹೇಳುತ್ತದೆ. ಆ ಕೆಲವು ಮೀಟರು ಎಲ್ಲಿಂದ ಬಂತು ಎಂದು ಕೇಳುವ ಅಭ್ಯಾಸವನ್ನು ಮಾತ್ರ ಬಿಡಬೇಡಿ.

ಕೊನೆಗೆ, ಹಳೆಯ ಚಾಳಿಯಂತೆ ಒಂದು ಮನೆಗೆಲಸ. ಮಾರ್ಚ್ 20 ಅಥವಾ 21ರಂದು, ಇಲ್ಲವೇ ಸೆಪ್ಟೆಂಬರ್ 22 ಅಥವಾ 23ರಂದು, ಒಂದು ಅಡಿ ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ. ಮಧ್ಯಾಹ್ನ ಹನ್ನೆರಡರಿಂದ ಹನ್ನೆರಡೂಮುಕ್ಕಾಲರವರೆಗೆ ಐದೈದು ನಿಮಿಷಕ್ಕೆ ನೆರಳನ್ನು ಗುರುತಿಸಿ, ಅತ್ಯಂತ ಗಿಡ್ಡ ನೆರಳನ್ನು ಹಿಡಿಯಿರಿ. ನೆರಳನ್ನು ಕೋಲಿನ ಎತ್ತರದಿಂದ ಭಾಗಿಸಿದರೆ ಅಕ್ಷಾಂಶದ ಸ್ಪರ್ಶಕ ಬರುತ್ತದೆ. ಆ ದಿನಗಳಲ್ಲಿ ಸೂರ್ಯ ದಿನಕ್ಕೆ 24 ಕಲೆಯಷ್ಟು ಸರಿಯುವುದರಿಂದ ಒಂದು ದಿನ ತಪ್ಪಿದರೆ 44 ಕಿ.ಮೀ. ತಪ್ಪುತ್ತದೆ, ಎಚ್ಚರ. ಮೊಮ್ಮಕ್ಕಳನ್ನು ಜೊತೆಗೆ ಸೇರಿಸಿಕೊಳ್ಳಿ. ಬೆಂಗಳೂರಿನಲ್ಲಿರುವವರು ಅಲ್ಲಿ, ಅಮೆರಿಕದಲ್ಲಿರುವವರು ಅಲ್ಲಿ ಅಳೆಯಿರಿ. ಬಂದ ಉತ್ತರದ ಜೊತೆಗೆ, ಅದು ಎಷ್ಟು ತಪ್ಪಿರಬಹುದು, ಯಾವ ಕಡೆಗೆ ತಪ್ಪಿರಬಹುದು ಎಂಬುದನ್ನೂ ಬರೆದು ಕಳುಹಿಸಿ. ಅಂಕಗಳೆಲ್ಲ ಆ ಎರಡನೆಯ ಭಾಗಕ್ಕೆ.

ಎಲ್ಲರಿಗೂ ಒಳ್ಳೆಯದಾಗಲಿ.